ಆರಡಿ ಆಳಿನ ಗಾಲ್ಫ್ ಕ್ಲಬ್, ಐದಡಿ ನಾಲ್ಕಂಗುಲದ ನಾನು: ಸೆಟ್ ಬದಲಿಸಲೇ, ಆಟ ತಿದ್ದಲೇ?

ನಾಲೆಯಂಚು, ಮಂಡ್ಯ:

ಸಕ್ಕರೆ ಕಾರ್ಖಾನೆಯೊಂದರ ಯಂತ್ರಗಳ ನಡುವೆ 32 ವರ್ಷ ಕಳೆದು ನಿವೃತ್ತನಾದವನು ನಾನು. ವಯಸ್ಸು 61. ಮೊಣಕಾಲು ಕ್ರಿಕೆಟ್ ಒಲ್ಲೆ ಎಂದ ಮೇಲೆ ಗೆಳೆಯನೊಬ್ಬ ಚಾಮುಂಡಿ ಬೆಟ್ಟದ ಕೆಳಗೆ, ರೇಸ್‌ಕೋರ್ಸ್ ಪಕ್ಕದ ಗಾಲ್ಫ್ ಅಂಗಳಕ್ಕೆ ಕರೆದೊಯ್ದ. ಅಂದಿನಿಂದ ಭಾನುವಾರ ಬೆಳಗ್ಗೆ ಐದೂವರೆಗೆ ಮಂಡ್ಯ ಬಿಡುವುದು, ಆಟ ಮುಗಿಸಿ ಮೈಸೂರಿನಲ್ಲೇ ಮಸಾಲೆ ದೋಸೆ ತಿಂದು ಮರಳುವುದು ರೂಢಿ. ದೋಸೆಯ ವಿಷಯದಲ್ಲಿ ತಕರಾರಿಲ್ಲ.

ತಕರಾರು ಕ್ಲಬ್‌ಗಳದ್ದು, ಅಂದರೆ ಚೆಂಡು ಹೊಡೆಯುವ ಕೋಲುಗಳದ್ದು. ಅಮೆರಿಕದಲ್ಲಿರುವ ಅಣ್ಣನ ಮಗ ತಾನು ಆಡಿ ಬಿಟ್ಟ ಸೆಟ್ಟನ್ನು ಕೊಟ್ಟುಹೋದ. ಅವನು ಆರಡಿ ಎತ್ತರ. ಸಾಲದೆಂದು ಐರನ್‌ಗಳನ್ನು (ಸಂಖ್ಯೆ ಹೊತ್ತ, ಚಪ್ಪಟೆ ಲೋಹದ ತಲೆಯ ಕ್ಲಬ್‌ಗಳು) ಅರ್ಧ ಅಂಗುಲ ಉದ್ದ ಬೇರೆ ಮಾಡಿಸಿದ್ದಾನೆ. ಬೆನ್ನು ತೋಡದ ಬ್ಲೇಡ್ ಮಾದರಿ, ಉಕ್ಕಿನ ಶಾಫ್ಟ್ (ದಂಡ), ಅದರ ಮೇಲೆ ‘ಸ್ಟಿಫ್’, ಅಂದರೆ ಸುಲಭವಾಗಿ ಬಾಗದ್ದು, ಎಂಬ ಚೀಟಿ. ಸಾಣೆ ಹಿಡಿದ ಕುಡುಗೋಲಿನ ಹಾಗೆ ಹೊಳೆಯುತ್ತವೆ.

ಕಾರ್ಖಾನೆಯ ಚಟ ಬಿಡದು. ಮೂರು ಭಾನುವಾರ ಪ್ರತಿ ಹೊಡೆತವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಲ್ಲಿ 38 ಹೊಡೆತ. 27 ಬಲಕ್ಕೆ ಬಾಳೆಕಾಯಿಯಂತೆ ಬಾಗಿದವು. 9ನೇ ಐರನ್‌ನಲ್ಲಿ 31. ಅವುಗಳಲ್ಲಿ 19 ಬಾಗದೆ ಎಡಕ್ಕೇ ಹೋದವು. 3 ಮತ್ತು 4ನೇ ಐರನ್‌ಗಳ ಲೆಕ್ಕ ಬರೆಯಲು ನಾಚಿಕೆ. ಅದೇ ಕೈ, ಅದೇ ಬೀಸು, ಎರಡು ದಿಕ್ಕು ಹೇಗೆ? ಮೂವತ್ತು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಅದು ಬೋರ್‌ವೆಲ್ ಮೋಟರಿನ ದುರಸ್ತಿಗೆಂದು ಮನೆಯವರು ನಂಬಿದ್ದಾರೆ. ಏನು ಕೊಳ್ಳಲಿ?

ಹಳೆಯ ಕ್ಯಾಡಿ, ಮೈಸೂರು:

ಎರಡು ರೋಗವಲ್ಲ ಸ್ವಾಮಿ, ಒಂದೇ. ನಿಮ್ಮ ಕ್ಲಬ್ ಚೆಂಡನ್ನು ಹೊರಗಿನಿಂದ ಒಳಕ್ಕೆ ಅಡ್ಡಡ್ಡ ಕೊಯ್ಯುತ್ತಿದೆ. 9ನೇ ಐರನ್‌ನ ಮುಖ ಚೆನ್ನಾಗಿ ಮಲಗಿರುವುದರಿಂದ ಚೆಂಡು ಹಿಂದಕ್ಕೆ ಸುತ್ತುವುದೇ ಹೆಚ್ಚು, ಪಕ್ಕಕ್ಕೆ ಬಾಗುವುದು ಕಡಿಮೆ; ಹೊರಟ ದಾರಿಯಲ್ಲೇ ಎಡಕ್ಕೆ ಹೋಗುತ್ತದೆ. ಡ್ರೈವರ್‌ನ ಮುಖದ ಓರೆ ಹತ್ತು ಡಿಗ್ರಿಯ ಆಸುಪಾಸು ಮಾತ್ರ. ಅದೇ ಕೊಯ್ತಕ್ಕೆ ಅಲ್ಲಿ ಚೆಂಡು ಬಲಕ್ಕೆ ಬಾಗುತ್ತದೆ.

ಎಡಕ್ಕೆ ಹೋಗುವುದರಲ್ಲಿ ನಿಮ್ಮ ಅಣ್ಣನ ಮಗನ ಪಾಲೂ ಇದೆ. ಗಿಡ್ಡ ಆಳು ಉದ್ದದ ಕ್ಲಬ್ ಹಿಡಿದರೆ ಅದರ ಮೂತಿ, ಅಂದರೆ ತಲೆಯ ಹೊರತುದಿ, ನೆಲಬಿಟ್ಟು ಮೇಲೇಳುತ್ತದೆ. ಮೂತಿ ಎದ್ದ ಐರನ್ ಬಲಗೈ ಆಟಗಾರನಿಗೆ ಎಡಕ್ಕೆ ನೋಡುತ್ತದೆ. ನನ್ನ ಮಾತು ನಂಬಬೇಡಿ, ಪರೀಕ್ಷಿಸಿ. ಕ್ಲಬ್ಬಿನ ತಳಕ್ಕೆ ಟೇಪು ಅಂಟಿಸಿ, ಗಟ್ಟಿ ಪ್ಲಾಸ್ಟಿಕ್ ಹಲಗೆಯ ಮೇಲಿಂದ ಹೊಡೆಯಿರಿ. ಉಜ್ಜಿದ ಗುರುತು ಹಿಮ್ಮಡಿಯ (ದಂಡ ಸೇರುವ ತುದಿಯ) ಕಡೆ ಬಿದ್ದರೆ ನನ್ನ ಲೆಕ್ಕ ಸರಿ. ಮುಖಕ್ಕೆ ಪೌಡರ್ ಹಚ್ಚಿದರೆ ಚೆಂಡು ತಾಗಿದ ಜಾಗವೂ ತಿಳಿಯುತ್ತದೆ.

ಬಡಿದು ಮಾಡಿದ ಬ್ಲೇಡುಗಳಾದರೆ ತಲೆ ದಂಡಕ್ಕೆ ಸೇರುವ ಕೋನವನ್ನು ಒಂದೆರಡು ಡಿಗ್ರಿ ಬಗ್ಗಿಸಿಕೊಳ್ಳಬಹುದು. ಎರಕದವು ಹಟಮಾರಿ, ಮುರಿದಾವು. ಈ ವ್ಯತ್ಯಾಸ ನಿಮಗೆ ನಾನು ಹೇಳಬೇಕಾಗಿಲ್ಲ.

ಜಯಲಕ್ಷ್ಮೀಪುರದ ಅಜ್ಜಿ:

ಬಗ್ಗಿಸುವುದೆಲ್ಲ ಆಮೇಲೆ. ಆ ಬ್ಲೇಡುಗಳನ್ನು ಮೊದಲು ಮಾರಿ. ಚೆಂಡನ್ನು ನಟ್ಟನಡುವೆ ಹೊಡೆಯುವವರ ಆಯುಧ ಅದು. ಕ್ಯಾವಿಟಿ ಬ್ಯಾಕ್ ಐರನ್‌ನ ಬೆನ್ನು ತೋಡಿ ತೂಕವನ್ನು ಅಂಚಿಗೆ ಸರಿಸಿರುತ್ತಾರೆ; ನಡು ತಪ್ಪಿ ತಾಗಿದರೂ ತಲೆ ಅಷ್ಟು ತಿರುಗುವುದಿಲ್ಲ. ಸ್ಟಿಫ್ ಶಾಫ್ಟ್ ಎಂಬುದು ಸ್ಥೂಲವಾಗಿ ಡ್ರೈವರನ್ನು ಗಂಟೆಗೆ 95 ಮೈಲಿಗಿಂತ ಜೋರಾಗಿ ಬೀಸುವವರಿಗೆ. 61ರ ಮೊಣಕಾಲು ಹಾಗೆ ಬೀಸುತ್ತದೆಯೇ? ಗ್ರಾಫೈಟ್ ಶಾಫ್ಟ್, ಅದರಲ್ಲೂ ಹೆಚ್ಚು ಬಾಗುವ ರೆಗ್ಯುಲರ್ ಅಥವಾ ಸೀನಿಯರ್ ನೋಡಿ. ಸೀನಿಯರ್ ಎಂಬ ಹೆಸರು ಕೇಳಿದರೆ ಗಂಡಸರಿಗೆ ಮುಖ ಕೆಂಪಾಗುತ್ತದೆ. ನನ್ನ ಯಜಮಾನರು ಆ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದ ಮೇಲೇ ಆಡಲು ಹೊರಟದ್ದು.

3 ಮತ್ತು 4ನೇ ಐರನ್ ಅಟ್ಟಕ್ಕೆ ಹಾಕಿ, ಬದಲಿಗೆ ಚೆಂಡನ್ನು ಸುಲಭವಾಗಿ ಎತ್ತುವ, ದಪ್ಪ ತಲೆಯ ಒಂದು ಹೈಬ್ರಿಡ್ ಸಾಕು. ಚೀಲದಲ್ಲಿ 14 ಕ್ಲಬ್ ಮೀರಬಾರದು ಎಂಬುದು ನಿಯಮ. 14 ಇರಲೇಬೇಕು ಎಂದು ಯಾರೂ ಹೇಳಿಲ್ಲ. ನಾನು ಒಂಬತ್ತರಲ್ಲಿ ಆಡುತ್ತೇನೆ.

ಒಂದು ಎಚ್ಚರಿಕೆ. ಅಂಗಡಿಯಲ್ಲಿ ‘ಈ 7ನೇ ಐರನ್ ಹದಿನೈದು ಗಜ ಹೆಚ್ಚು ಹೋಗುತ್ತದೆ’ ಎಂದರೆ ಓರೆ ಎಷ್ಟೆಂದು ಕೇಳಿ. ಹಳೆಯ ಕಾಲದ 7ರ ಓರೆ 34, 35 ಡಿಗ್ರಿ. ಈಗಿನ ಕೆಲವದರಲ್ಲಿ 28, 29. ಹಳೆಯ 5ಕ್ಕೆ 7 ಎಂದು ನಾಮಕರಣ ಮಾಡಿದ ಹಾಗೆ. ಅಂಥ ಸೆಟ್ಟಿನಲ್ಲಿ ಹತ್ತಿರದ ಹೊಡೆತಕ್ಕಿರುವ ಪಿಚಿಂಗ್ ವೆಜ್‌ನ ಓರೆ 44ಕ್ಕೆ ಇಳಿದಿರುತ್ತದೆ. ನಿಮ್ಮ ಬಳಿ ಇರುವ, ಮರಳುಗುಂಡಿಯಿಂದ ಚೆಂಡೆತ್ತುವ ಸ್ಯಾಂಡ್ ವೆಜ್ 56 ಆದರೆ ನಡುವೆ ದೊಡ್ಡ ಕಂದಕ; ಅದನ್ನು ತುಂಬಲು ಮತ್ತೊಂದು ಕ್ಲಬ್, ಮತ್ತೊಂದು ಬಿಲ್ಲು.

ಒಣನೆಲ, ಮಂಡ್ಯ:

ಅಜ್ಜಿಯ ಮಾತಿಗೆ ಅರ್ಧ ಮಾತ್ರ ಒಪ್ಪಿಗೆ. ಅಡ್ಡ ಬೀಸನ್ನು ಯಾವ ಕ್ಲಬ್ಬೂ ತಿದ್ದಲಾರದು. ಐದಾರು ಪಾಠಕ್ಕೆ ಹಣ ಎತ್ತಿಡಿ. ವೆಜ್ ಕೊಳ್ಳುವುದಾದರೆ ತಳದ ಬೌನ್ಸ್, ಅಂದರೆ ತಳದ ಉಬ್ಬಿನ ಕೋನ, ನೋಡಿ. ನೀವು ಮೇಲಿನಿಂದ ಕಡಿಯುವವರಾದರೆ ಬೌನ್ಸ್ ಹೆಚ್ಚಿರಬೇಕು ಎನ್ನುತ್ತಾರೆ. ಆದರೆ ಬೇಸಿಗೆಯಲ್ಲಿ ನಮ್ಮ ಕಡೆಯ ನೆಲ ಸಿಮೆಂಟು, ಹೆಚ್ಚು ಬೌನ್ಸ್ ಪುಟಿದು ಚೆಂಡಿನ ತಲೆಗೆ ಬಡಿಯುತ್ತದೆ. ಎಂಟರಿಂದ ಹತ್ತು ಡಿಗ್ರಿಯದು ಎರಡಕ್ಕೂ ರಾಜಿ.

ನಾಲೆಯಂಚು, ಮಂಡ್ಯ:

ಪರೀಕ್ಷೆ ಮಾಡಿದೆ. ಪೌಡರ್ ಎರಡೇ ಹೊಡೆತಕ್ಕೆ ಉದುರಿತು. ವಿಭೂತಿಯನ್ನು ನೀರಿನಲ್ಲಿ ಕಲಸಿ ಹಚ್ಚಿ ಒಣಗಿಸಿದೆ, ನಿಂತಿತು. ಕ್ಯಾಡಿಯವರೇ, ತಳದ ಗುರುತು ಪೂರ್ತಿ ಹಿಮ್ಮಡಿಯ ಕಡೆಗೇ. ಮುಖದ ಗುರುತುಗಳಂತೂ ಎರಚಿದ ಅಕ್ಷತೆ: ಇಪ್ಪತ್ತರಲ್ಲಿ ನಡುವೆ ಬಿದ್ದದ್ದು ಮೂರು. ಇಷ್ಟು ದಿನ ಆ ಮೂರನ್ನೇ ನನ್ನ ಆಟ ಎಂದುಕೊಂಡಿದ್ದೆ.

ಗೆಳೆಯನ ಕ್ಯಾವಿಟಿ ಬ್ಯಾಕ್, ಗ್ರಾಫೈಟ್ ರೆಗ್ಯುಲರ್ ಎರವಲು ಪಡೆದು ಒಂದು ಭಾನುವಾರ ಆಡಿದೆ. 9ನೇ ಐರನ್ 12 ಹೊಡೆತದಲ್ಲಿ ಎಡಕ್ಕೆ ಹೋದದ್ದು 4. ಡ್ರೈವರ್ ಮಾತ್ರ ನನ್ನದೇ, ಬಾಳೆಕಾಯಿಯೂ ನನ್ನದೇ. ಒಣನೆಲದವರ ಮಾತಿನಂತೆ ಪಾಠಕ್ಕೆ ಹೆಸರು ಕೊಟ್ಟಿದ್ದೇನೆ.

ಸೆಟ್ ಕೊಳ್ಳುವುದು ಮುಂದೆ ಹೋಗಿದೆ. ಮೊನ್ನೆ ಬೋರ್‌ವೆಲ್ ಮೋಟರು ನಿಜವಾಗಿಯೂ ಸುಟ್ಟುಹೋಯಿತು. ಉಳಿದ ಹಣದಲ್ಲಿ ಯಾರೋ ಬಳಸಿದ 4ನೇ ಹೈಬ್ರಿಡ್ ಒಂದು ಸಿಕ್ಕಿದೆ. ಅಜ್ಜಿಯವರೇ, ಶಾಫ್ಟ್ ಸೀನಿಯರ್, ಚೀಟಿ ಇನ್ನೂ ಕೆರೆದಿಲ್ಲ.