ಬಹಾಮಾದ ಹೂಟಿಯಾ: ಸಾವಿರಗಟ್ಟಲೆ ಇದ್ದರೂ ಅಪಾಯವೇಕೆ?

ಪ್ರಶ್ನೆ:
ಹೆಗ್ಗಣಕ್ಕಿಂತ ದಪ್ಪನಾದ, ಮೋಟು ಬಾಲದ ದಂಶಕ ಪ್ರಾಣಿ ಹೂಟಿಯಾ ಬಹಾಮಾದ ಈಸ್ಟ್ ಪ್ಲಾನಾ ಕೇ ಎಂಬ ಕಿರುದ್ವೀಪದಲ್ಲಿ ಸಾವಿರಗಟ್ಟಲೆ ಇದೆ ಎಂದು ಓದಿದೆ. ಹಾಗಿದ್ದೂ ಯಾವ ಜೀವಿಗೆ ಅಳಿವಿನ ಅಪಾಯ ಎಷ್ಟಿದೆ ಎಂದು ತಿಳಿಸುವ ಐಯುಸಿಎನ್ ಕೆಂಪುಪಟ್ಟಿ ಅದನ್ನು ‘ವಲ್ನರಬಲ್’ (ಅಳಿವಿನ ಅಪಾಯಕ್ಕೆ ಈಡಾಗಬಲ್ಲ) ವರ್ಗದಲ್ಲಿ ಇಟ್ಟಿರುವುದೇಕೆ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1:
ಇಲ್ಲಿ ನೋಡಬೇಕಾದದ್ದು ತಲೆಯೆಣಿಕೆಯನ್ನಲ್ಲ, ನೆಲೆಯನ್ನು. ಒಂದು ಕಾಲದಲ್ಲಿ ಹಲವು ದ್ವೀಪಗಳಲ್ಲಿದ್ದ, ಬಹಾಮಾದ ಮೂಲನಿವಾಸಿಗಳಾದ ಲುಕಾಯನ್ ಜನರು ಬೇಟೆಯಾಡಿ ತಿನ್ನುತ್ತಿದ್ದ ಈ ಪ್ರಾಣಿ, ಯುರೋಪಿಯನ್ನರು ಬಂದ ನಂತರದ ಶತಮಾನಗಳಲ್ಲಿ ಒಂದೊಂದೇ ದ್ವೀಪದಿಂದ ಕಣ್ಮರೆಯಾಯಿತು. ಪೂರ್ತಿ ಅಳಿದೇ ಹೋಯಿತೆಂದು ಭಾವಿಸಿದ್ದಾಗ, 1966ರಲ್ಲಿ ಜೀವವಿಜ್ಞಾನಿ ಗ್ಯಾರೆಟ್ ಕ್ಲಫ್ ಅವರಿಗೆ ಈಸ್ಟ್ ಪ್ಲಾನಾ ಕೇಯಲ್ಲಿ ಮತ್ತೆ ಸಿಕ್ಕಿತು. ಒಂದೇ ದ್ವೀಪದಲ್ಲಿ ಉಳಿದ ಜೀವಿಗೆ ಒಂದು ಚಂಡಮಾರುತ ಸಾಕು. ಯಾವುದೋ ದೋಣಿಯಿಂದ ಇಳಿದ ನಾಲ್ಕು ಬೆಕ್ಕುಗಳೂ ಸಾಕು.

ಉತ್ತರ 2:
ಇದು ಬರಿಯ ಊಹೆಯಲ್ಲ. ಆಸ್ಟ್ರೇಲಿಯದ ಟಾರೆಸ್ ಜಲಸಂಧಿಯಲ್ಲಿ, ಕೆಲವೇ ಹೆಕ್ಟೇರುಗಳ ಬ್ರ್ಯಾಂಬಲ್ ಕೇಯಲ್ಲಿ ಮಾತ್ರ ಇದ್ದ ಮೆಲೊಮಿಸ್ ಎಂಬ ಇಲಿಯ ಗತಿ ನೋಡಿ. ಉಪ್ಪುನೀರು ಮತ್ತೆ ಮತ್ತೆ ನುಗ್ಗಿ ಅದು ತಿನ್ನುತ್ತಿದ್ದ ಹಸಿರೆಲ್ಲ ಸತ್ತಿತು. 2009ರ ನಂತರ ಅದನ್ನು ಕಂಡವರಿಲ್ಲ. 2019ರಲ್ಲಿ ಆಸ್ಟ್ರೇಲಿಯ ಸರ್ಕಾರ ಅದು ಅಳಿದಿದೆ ಎಂದು ಅಧಿಕೃತವಾಗಿ ಘೋಷಿಸಿತು. ಒಂದಷ್ಟನ್ನು ಹಿಡಿದು ಬೇರೆಡೆ ಸಾಕಿಕೊಳ್ಳಬಹುದಿತ್ತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ಹೂಟಿಯಾಗಳನ್ನು ಬೇರೆ ದ್ವೀಪಗಳಿಗೆ ಒಯ್ದು ಬಿಡಬಹುದಲ್ಲವೇ?

ಉತ್ತರ 1:
ಬಿಟ್ಟಿದ್ದಾರೆ. 1973ರಲ್ಲಿ ಬಹಾಮಾದ್ದೇ ಆದ ಎಕ್ಸೂಮಾ ರಾಷ್ಟ್ರೀಯ ಉದ್ಯಾನದ ಲಿಟಲ್ ವ್ಯಾಕ್ಸ್ ಕೇ ಎಂಬ ಕಿರುದ್ವೀಪಕ್ಕೆ 11 ಹೂಟಿಯಾಗಳನ್ನು ತಂದರು. ಮುಂದೆ ವಾರ್ಡರಿಕ್ ವೆಲ್ಸ್ ದ್ವೀಪದಲ್ಲೂ ನೆಲೆಗೊಳಿಸಿದರು. ಪ್ರಾಣಿ ಉಳಿಯಿತು, ಗಿಡಗಳು ಸೊರಗಿದವು. ಹಗಲೆಲ್ಲ ಸುಣ್ಣಕಲ್ಲಿನ ಬಿರುಕುಗಳಲ್ಲಿ ಮಲಗಿದ್ದು ರಾತ್ರಿ ಹೊರಬರುವ ಹೂಟಿಯಾ, ಎಲೆ ಚಿಗುರುಗಳಷ್ಟೇ ಅಲ್ಲ, ಕೊಂಬೆಯ ತೊಗಟೆಯನ್ನೂ ಸುಲಿದು ತಿನ್ನುತ್ತದೆ; ತೊಗಟೆ ಸುತ್ತಲೂ ಹೋದ ಕೊಂಬೆ ಒಣಗುತ್ತದೆ. ಹಿಡಿದು ತಿನ್ನುವವರಿಲ್ಲದ ದ್ವೀಪದಲ್ಲಿ ಸಂತತಿ ಬೆಳೆದಂತೆ ಕೆಲವು ಜಾತಿಯ ಸಸ್ಯಗಳೇ ವಿರಳವಾದವು.

ಉತ್ತರ 2:
ಈ ಅನುಭವದಿಂದ ಸ್ಥಳಾಂತರವೇ ತಪ್ಪೆಂದು ನಾನು ಹೇಳುವುದಿಲ್ಲ. ಎರಡನೆಯ, ಮೂರನೆಯ ನೆಲೆ ಇರಲೇಬೇಕು. ಆದರೆ ಬಿಡುವ ಮೊದಲು ಅಲ್ಲಿನ ಗಿಡಗಳನ್ನು ಪಟ್ಟಿಮಾಡಬೇಕು, ಬಿಟ್ಟ ಮೇಲೆ ವರ್ಷವರ್ಷವೂ ಎಣಿಸಬೇಕು, ಸಂಖ್ಯೆ ಹೆಚ್ಚಿದರೆ ಹಿಡಿದು ಸಾಗಿಸಲು ಇನ್ನೊಂದು ಜಾಗವನ್ನು ಮೊದಲೇ ಗೊತ್ತುಮಾಡಿರಬೇಕು. ಈಸ್ಟ್ ಪ್ಲಾನಾ ಕೇಯ ಮಟ್ಟಿಗಂತೂ, ದಡಕ್ಕೆ ಬರುವ ದೋಣಿಗಳಲ್ಲಿ ನಾಯಿ, ಬೆಕ್ಕು, ಇಲಿ ಇಲ್ಲವೆಂದು ಖಚಿತಪಡಿಸಿಕೊಳ್ಳುವುದೇ ಎಲ್ಲಕ್ಕಿಂತ ಮೊದಲ ಕೆಲಸ.