ಗಲ್ಲದಡಿ ಲೈಟ್ ಇಟ್ಟರೆ ಮುಖ ದೆವ್ವದ ವೇಷ ಆಗುತ್ತೆ, ಏನು ಮಾಡಲಿ?

ತಾನೇ ವೇಷ ಹಾಕಿ ತನ್ನದೇ ಫೋಟೊ ತೆಗೆಯುವ ಅಮೆರಿಕದ ಕಲಾವಿದೆ ಸಿಂಡಿ ಶೆರ್ಮನ್ ಜಾಡಿನಲ್ಲಿ ಹಾರರ್ ಸಿನಿಮಾ ಸ್ಟಿಲ್‌ನಂಥ ಫೋಟೊ ಸರಣಿ ಮಾಡ್ತಿದ್ದೀನಿ, ವಿಷಯ ಗೃಹಿಣಿ. ದೆವ್ವ ಕಾಣುತ್ತೆ, ಹೆಂಗಸು ಕಾಣಲ್ಲ.

ಉತ್ತರ 1: ಲೈಟನ್ನು ಸೊಂಟದ ಎತ್ತರದಲ್ಲಿ 45 ಡಿಗ್ರಿ ಪಕ್ಕಕ್ಕೆ ಸರಿಸಿ. ಎದುರು ಬದಿಗೆ ಕಪ್ಪು ಬಟ್ಟೆ ಕಟ್ಟಿ, ಇಲ್ಲದಿದ್ದರೆ ಗೋಡೆಯಿಂದ ವಾಪಸ್ ಬರುವ ಬೆಳಕು ನೆರಳನ್ನು ತಿಂದುಹಾಕುತ್ತೆ. ಕಣ್ಣಲ್ಲಿ ಬೆಳಕಿನ ಚುಕ್ಕೆ ಉಳಿಯಲೇಬೇಕು, ಅದಿಲ್ಲದಿದ್ದರೆ ಮುಖವಾಡದಂತಾಗುತ್ತೆ.

ಉತ್ತರ 2: ಲೈಟಿಗಿಂತ ನೋಟ ಮುಖ್ಯ ಅಂತೀನಿ. ಶೆರ್ಮನ್ ಅವರ 1977–80ರ ಕಪ್ಪುಬಿಳುಪು ಸರಣಿಯಲ್ಲಿ ಎಷ್ಟೋ ಹೆಂಗಸರು ನೋಡುವುದು ಚೌಕಟ್ಟಿನಾಚೆಗೆ. ಭಯ ಇರೋದು ನಮಗೆ ಕಾಣದ ಕಡೆ. ಒದ್ದೆ ಕೈಯಲ್ಲಿ ಪಾತ್ರೆ, ಕತ್ತು ಬಾಗಿಲ ಕಡೆಗೆ. ರಕ್ತ ಬೇಡವೇ ಬೇಡ.

ಉತ್ತರ 3: ಕ್ಯಾಮೆರಾ ಮೇಲಿನಿಂದ ಇಟ್ಟರೆ ಆಕೆ ಬಲಿಪಶು, ಕೆಳಗಿನಿಂದ ಇಟ್ಟರೆ ಬೆದರಿಸುವವಳು. ಮೊದಲು ಅದನ್ನು ತೀರ್ಮಾನಿಸಿ.