ಪದಚರ್ಚೆ: ‘ಬುರ್ಗ್’ ಅಂದರೆ ಕೋಟೆಯೋ, ದುರ್ಗವೋ, ವಾಡೆಯೋ?

ಎಲ್ಲರಿಗೂ ನಮಸ್ಕಾರ.

ಕೆಲವು ಪದಗಳ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು. ಜರ್ಮನಿಯ ಡ್ರೆಸ್ಡೆನ್ ಸುತ್ತಮುತ್ತ ಇರುವ ಕೆಲವು ಕನ್ನಡ ಮನೆಗಳವರು ಸೇರಿ ಎಲ್ಬೆ ನದಿ ದಂಡೆಯ ಮರಳುಗಲ್ಲಿನ ಬೆಟ್ಟಗಳಿಗೆ ಒಂದು ದಿನದ ನಡಿಗೆ ಇಟ್ಟುಕೊಂಡಿದ್ದೇವೆ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಿರುವ ಕಾಲ. ಕರೆದುಕೊಂಡು ಹೋಗುವ ಗೈಡ್ ಜರ್ಮನ್‌ನಲ್ಲಿ ಹೇಳುತ್ತಾರೆ. ಅದನ್ನು ಹಿರಿಯರಿಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಜೊತೆಗೆ ಒಂದು ಹಾಳೆ ಬರೆದು ಹಂಚಬೇಕು. ಬರೆಯಲು ಕೂತಾಗಿನಿಂದ ಒಂದೊಂದೇ ಪದ ಕಾಲಿಗೆ ತೊಡರುತ್ತಿದೆ.

ಮೊದಲು ಜಾಗ ಯಾವುದು ಅಂತ ಹೇಳಿಬಿಡುತ್ತೇನೆ. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ರಾಟೆನ್ ಎಂಬ ಪುಟ್ಟ ಊರಿನ ನಿಲ್ದಾಣ. ಅಲ್ಲಿಂದ ನದಿ ದಾಟಬೇಕು. ಆಚೆ ದಡದಲ್ಲಿ ಬಾಸ್ಟೈ ಎಂಬ ಬಂಡೆಗಳ ಸಾಲು, ನದಿಯಿಂದ 194 ಮೀಟರ್ ಎತ್ತರ. ಬಂಡೆಯಿಂದ ಬಂಡೆಗೆ ಒಂದು ಕಲ್ಲಿನ ಸೇತುವೆ. ಅದನ್ನು ಕಟ್ಟಿದ್ದು 1851ರಲ್ಲಿ, ಉದ್ದ 76.5 ಮೀಟರ್. ಅದರ ಪಕ್ಕದಲ್ಲೇ ನಾಯ್‌ರಾಟೆನ್ ಎಂಬ ಹಳೆಯ ಬುರ್ಗ್‌ನ ಉಳಿಕೆ. ಈ ಸೀಮೆಗೆ ‘ಸ್ಯಾಕ್ಸನ್ ಸ್ವಿಟ್ಜರ್ಲೆಂಡ್’ ಅಂತ ಹೆಸರು. 1766ರಲ್ಲಿ ಡ್ರೆಸ್ಡೆನ್ ಕಲಾಶಾಲೆಗೆ ಬಂದ ಆಡ್ರಿಯಾನ್ ಟ್ಸಿಂಗ್, ಆಂಟೋನ್ ಗ್ರಾಫ್ ಎಂಬ ಇಬ್ಬರು ಸ್ವಿಸ್ ಚಿತ್ರಕಾರರಿಗೆ ಇದನ್ನು ನೋಡಿ ತಮ್ಮ ಊರು ನೆನಪಾಯಿತಂತೆ. ಹೆಸರು ಅಲ್ಲಿಂದ ಬಂತು ಅನ್ನುತ್ತಾರೆ. ಕೊಡಗನ್ನು ಭಾರತದ ಸ್ಕಾಟ್ಲೆಂಡ್ ಅನ್ನೋದಿಲ್ವಾ, ಹಾಗೆ. ಫೋನಿನಲ್ಲಿ ಊರಿನವರಿಗೆ ಹೇಳಿದರೆ ಮಾತ್ರ ಕಷ್ಟ. ‘ಸ್ವಿಟ್ಜರ್ಲೆಂಡಿಗೂ ಹೋಗಿದ್ರಾ?’ ಅಂತಲೇ ಕೇಳುತ್ತಾರೆ.

ಈಗ ಮುಖ್ಯ ಪ್ರಶ್ನೆ. ಜರ್ಮನ್‌ನಲ್ಲಿ ಮೂರು ಪದಗಳಿವೆ. ಫೆಸ್ಟುಂಗ್ ಅಂದರೆ ಸೈನ್ಯ ಇರುವ ದೊಡ್ಡ ಕೋಟೆ. ಷ್ಲಾಸ್ ಅಂದರೆ ದೊರೆ ಆರಾಮವಾಗಿ ಇರಲು ಕಟ್ಟಿಸಿಕೊಂಡ ಮನೆ, ಹೆಚ್ಚುಕಡಿಮೆ ನಮ್ಮ ಅರಮನೆ. ಇವೆರಡರ ನಡುವೆ ಬುರ್ಗ್. ಒಬ್ಬ ಪಾಳೆಯಗಾರನಂಥವನು ತನ್ನ ಮನೆಮಂದಿ, ಆಳುಕಾಳು, ಕೈಗೆ ಸಿಕ್ಕಷ್ಟು ಕಾವಲುಗಾರರ ಜೊತೆ ಎತ್ತರದ ಜಾಗ ಹಿಡಿದು ಕೂತ ಭದ್ರವಾದ ಮನೆ ಅದು. ಇಂಗ್ಲಿಷಿನಲ್ಲಿ ಬುರ್ಗ್, ಷ್ಲಾಸ್ ಎರಡಕ್ಕೂ ಕ್ಯಾಸಲ್ ಅಂದುಬಿಡುತ್ತಾರೆ. ನಾವು ಅದನ್ನು ಕನ್ನಡಕ್ಕೆ ತಂದಾಗ ಎಲ್ಲವೂ ‘ಕೋಟೆ’ಯೇ ಆಗುತ್ತದೆ.

ಇದರಲ್ಲಿ ಏನು ತಪ್ಪು ಅಂತ ಕೇಳಬಹುದು. ನನಗೆ ಅನ್ನಿಸೋದು ಹೀಗೆ: ಕನ್ನಡದಲ್ಲಿ ಕೋಟೆ ಅಂದರೆ ಮೊದಲು ಗೋಡೆ. ಸುತ್ತುವುದೇ ಅದರ ಜೀವ. ಏಳುಸುತ್ತಿನ ಕೋಟೆ ಅನ್ನುತ್ತೇವೆ. ಊರಿಗೆ ಕೋಟೆ ಕಟ್ಟಿಸಿದ ಅನ್ನುತ್ತೇವೆ. ಒಳಗೆ ಗುಡಿ, ಹೊಂಡ, ಕಣಜ, ಬೀದಿ ಎಲ್ಲ ಇರುತ್ತವೆ. ಬೆಂಗಳೂರಲ್ಲಿ ಕೋಟೆ ಒಂದು ಕಡೆ, ಪೇಟೆ ಒಂದು ಕಡೆ. ಎಷ್ಟೋ ಊರುಗಳಲ್ಲಿ ಗೋಡೆ ಬಿದ್ದುಹೋಗಿದ್ದರೂ ಕೋಟೆ ಬೀದಿ ಉಳಿದಿದೆ. ನಾಯ್‌ರಾಟೆನ್‌ನಲ್ಲಿ ಇದು ಯಾವುದೂ ಇಲ್ಲ. ಸುತ್ತುಗೋಡೆಯ ಕೆಲಸವನ್ನು ಕಡಿದಾದ ಬಂಡೆಗಳೇ ಮಾಡುತ್ತಿದ್ದವು. ಎರಡು ಬಂಡೆಗಳ ನಡುವೆ ಎಲ್ಲಿ ಸಂದು ಇತ್ತೋ ಅಲ್ಲಿ ಮಾತ್ರ ಮರದ ತಡೆ. ಅಮ್ಮನಿಗೆ ಚಿತ್ರ ತೋರಿಸಿ ‘ಇದು ಕೋಟೆ’ ಅಂದೆ. ‘ಕೋಟೆ ಎಲ್ಲಿದೆ, ಬರೀ ಬಂಡೆ ಕಾಣ್ತದಲ್ಲ’ ಅಂದರು. ಅವರ ಮಾತು ಸರಿಯಾಗಿಯೇ ಇದೆ.

ಅದೇ ನದಿಯ, ರೈಲು ನಿಲ್ದಾಣ ಇರುವ ಕಡೆಯ ದಡದಲ್ಲಿ ಸ್ವಲ್ಪ ಮುಂದೆ ಕ್ಯೋನಿಗ್‌ಷ್ಟೈನ್ ಇದೆ. ಚಪ್ಪಟೆ ತಲೆಯ ಒಂದು ಇಡೀ ಬೆಟ್ಟದ ಮೇಲೆ, 9.5 ಹೆಕ್ಟೇರ್ ಜಾಗದಲ್ಲಿ, ಸುತ್ತ ಗೋಡೆ, ಒಳಗೆ 152.5 ಮೀಟರ್ ಆಳದ ಬಾವಿ. ಅದು ಫೆಸ್ಟುಂಗ್. ಅದನ್ನು ಕೋಟೆ ಅನ್ನಲು ನನಗೆ ಯಾವ ಅಳುಕೂ ಇಲ್ಲ. ಒಂದೇ ದಿನ ಇದನ್ನೂ ನಾಯ್‌ರಾಟೆನ್ನನ್ನೂ ತೋರಿಸಿ ಎರಡನ್ನೂ ಕೋಟೆ ಅಂದರೆ ಕೇಳುವವರಿಗೆ ಏನು ತಿಳಿದೀತು?

ನನ್ನ ಮುಂದಿರುವ ಪದಗಳು ಇವು. ‘ವಾಡೆ’ ಅಥವಾ ‘ವಾಡೇವು’, ಉತ್ತರ ಕರ್ನಾಟಕದ ದೇಸಾಯರ ದೊಡ್ಡ ಮನೆ. ಮರಾಠಿ ಕಡೆಯಿಂದ ಬಂದ ಪದ. ಒಬ್ಬ ಒಡೆಯ, ಅವನ ಮನೆತನ, ದಪ್ಪ ಗೋಡೆ, ದೊಡ್ಡ ಬಾಗಿಲು. ಅರ್ಥ ಬುರ್ಗ್‌ಗೆ ತುಂಬಾ ಹತ್ತಿರ. ಆದರೆ ವಾಡೆ ಊರೊಳಗೆ ಇರುತ್ತದೆ, ಬಂಡೆ ತುದಿಯಲ್ಲಿ ಅಲ್ಲ. ‘ಹುಡೇವು’ ಅಂದರೆ ಕಾವಲು ಬುರುಜು ಮಾತ್ರ, ಅಲ್ಲಿ ಯಾರೂ ಸಂಸಾರ ಮಾಡುವುದಿಲ್ಲ. ಹಾಗಾಗಿ ಅದನ್ನು ಬಿಟ್ಟೆ.

ಉಳಿದದ್ದು ‘ದುರ್ಗ’. ನನ್ನ ಮನಸ್ಸು ಇದರ ಕಡೆಗೇ ವಾಲುತ್ತಿದೆ. ಹೋಗಲು ಕಷ್ಟವಾದ ಜಾಗ ಅನ್ನೋದು ಅದರ ಮೂಲ ಅರ್ಥ. ಗೋಡೆ ಇರಲೇಬೇಕು ಅಂತ ಆ ಪದ ಕೇಳುವುದಿಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ದುರ್ಗ ಅಂದರೆ ಬೆಟ್ಟವೂ ಹೌದು, ಅದರ ಮೇಲಿನ ಕಟ್ಟಡವೂ ಹೌದು. ಸಾವನದುರ್ಗ ಹತ್ತಿ ಬಂದೆ ಅಂದಾಗ ಹತ್ತಿದ್ದು ಬಂಡೆಯನ್ನೋ ಕೋಟೆಯನ್ನೋ ಅಂತ ಯಾರೂ ಕೇಳುವುದಿಲ್ಲ. ಹುತ್ರಿದುರ್ಗ, ಕಬ್ಬಾಳದುರ್ಗ, ಹುಲಿಯೂರುದುರ್ಗ ಎಲ್ಲವೂ ಹಾಗೇ. ಜರ್ಮನ್ನರಲ್ಲೂ ಇದೇ ನಡೆ ಇದೆ. ಅವರ ಎಷ್ಟೋ ಬುರ್ಗ್‌ಗಳ, ಬೆಟ್ಟಗಳ ಹೆಸರು ‘ಷ್ಟೈನ್’ ಅಂತ ಮುಗಿಯುತ್ತದೆ: ಕ್ಯೋನಿಗ್‌ಷ್ಟೈನ್, ಲಿಲಿಯೆನ್‌ಷ್ಟೈನ್, ಫಾಲ್ಕೆನ್‌ಷ್ಟೈನ್. ಷ್ಟೈನ್ ಅಂದರೆ ಕಲ್ಲು, ಅಷ್ಟೇ. ನಮ್ಮ ಮುದಗಲ್, ನಿಜಗಲ್‌ಗಳನ್ನು ಪಕ್ಕದಲ್ಲಿಟ್ಟು ನೋಡಿ. ಕಲ್ಲಿನ ಹೆಸರೇ ಕೋಟೆಗೂ ಹೆಸರು.

ಇದಕ್ಕೆ ಬರಬಹುದಾದ ಆಕ್ಷೇಪವೂ ನನಗೆ ಗೊತ್ತು. ಬರೀ ‘ದುರ್ಗ’ ಅಂದರೆ ಕನ್ನಡಿಗರ ಕಿವಿಗೆ ಚಿತ್ರದುರ್ಗವೇ. ಅಷ್ಟು ದೊಡ್ಡದನ್ನು ನೆನೆಸಿಕೊಂಡು ಬಂದವರಿಗೆ ನಾಯ್‌ರಾಟೆನ್ ಸಪ್ಪೆ ಅನ್ನಿಸಬಹುದು.

ಇಲ್ಲೇ ಒಂದು ಒಳಪ್ರಶ್ನೆ. ನಾಯ್‌ರಾಟೆನ್ ಬರೀ ಬುರ್ಗ್ ಅಲ್ಲ, ‘ಫೆಲ್ಜೆನ್‌ಬುರ್ಗ್’. ಬಂಡೆಯನ್ನೇ ಕಡಿದು, ಬಂಡೆಗೇ ಅಂಟಿಸಿ ಕಟ್ಟಿದ್ದು. ‘ಶಿಲಾದುರ್ಗ’ ಅಂತ ಬರೆದರೆ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಆದರೆ ಬಾಯಲ್ಲಿ ಹೇಳಲು ಹೋದರೆ ಭಾಷಣ ಮಾಡಿದಂತಾಗುತ್ತದೆ. ಬಾದಾಮಿಯ ಉತ್ತರದ ಗುಡ್ಡದ ಕೋಟೆಗೆ ಅಲ್ಲಿಯವರು ‘ಬಾವನ್ ಬಂಡೆ ಕೋಟೆ’ ಅನ್ನುತ್ತಾರೆ. ಬಾವನ್ ಅಂದರೆ ಐವತ್ತೆರಡು. ಎದುರಿನ ದಕ್ಷಿಣದ ಗುಡ್ಡದ್ದು ರಣಮಂಡಲ ಕೋಟೆ. ಬಾದಾಮಿಯದೂ ಮರಳುಗಲ್ಲೇ ಅಲ್ವಾ? ಇಲ್ಲಿಯಂತೆ ಅಲ್ಲೂ ಅರ್ಧ ಕೋಟೆ ಬಂಡೆಯೇ. ಮೊದಲನೆಯ ಪುಲಕೇಶಿ 543ರಲ್ಲಿ ಅಲ್ಲಿ ಕೋಟೆ ಮಾಡಿಸಿದ್ದನ್ನು ಬಂಡೆಯ ಮೇಲೆಯೇ ಬರೆಸಿದ್ದಾನೆ. ‘ಬಂಡೆಕೋಟೆ’ ಅನ್ನುವ ಪದ ಆ ಸೀಮೆಯ ಜನರ ಬಾಯಲ್ಲಿ ಆಗಲೇ ಇರುವಾಗ ನಾವು ಯಾಕೆ ಹೊಸದು ಕಟ್ಟಬೇಕು? ಬುರ್ಗ್‌ಗೆ ದುರ್ಗ, ಫೆಲ್ಜೆನ್‌ಬುರ್ಗ್‌ಗೆ ಬಂಡೆಕೋಟೆ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಒಂದರಲ್ಲಿ ದುರ್ಗ ಇನ್ನೊಂದರಲ್ಲಿ ಕೋಟೆ ಆಯಿತು, ಕಟ್ಟುನಿಟ್ಟಾಗಿ ನೋಡಿದರೆ ಸರಿಹೊಂದುವುದಿಲ್ಲ. ಆದರೂ ಬಂಡೆದುರ್ಗಕ್ಕಿಂತ ಬಂಡೆಕೋಟೆ ನಾಲಿಗೆಗೆ ಸಲೀಸು.

(ಬುರ್ಗ್‌ಗೂ ನಮ್ಮ ಬುರುಜಿಗೂ ನಂಟಿದೆಯಾ ಅಂತ ಯಾರಾದರೂ ಕೇಳಿಯೇ ಕೇಳುತ್ತೀರಿ. ಬುರುಜು ಪಾರಸಿ ಮೂಲಕ ನಮಗೆ ಬಂದ ಅರಬಿ ಪದ. ಅರಬಿಗೆ ಅದು ಗ್ರೀಕ್-ಲ್ಯಾಟಿನ್ ಕಡೆಯಿಂದ ಬಂತು ಅನ್ನುವವರಿದ್ದಾರೆ. ಬುರ್ಗ್ ಜರ್ಮನ್‌ನ ತೀರಾ ಹಳೆಯ ಪದ. ಎರಡನ್ನೂ ಒಂದೇ ಬೇರಿಗೆ ಕಟ್ಟುವ ವಿಷಯದಲ್ಲಿ ಪಂಡಿತರಲ್ಲೇ ಒಮ್ಮತವಿಲ್ಲ. ದಯವಿಟ್ಟು ಈ ಎಳೆಯನ್ನು ಆ ಕಡೆಗೆ ಎಳೆಯಬೇಡಿ. ಬೇಕಿದ್ದರೆ ಬೇರೆ ಎಳೆ ಶುರು ಮಾಡೋಣ.)

ಎರಡನೆಯದು ‘ಹಾಳು’. ಹಾಳು ಕೋಟೆ, ಪಾಳುಬಿದ್ದ ಕೋಟೆ, ಕೋಟೆಯ ಅವಶೇಷ, ಇವುಗಳಲ್ಲಿ ಯಾವುದು? ನನ್ನ ಕಿವಿಗೆ ಹಾಳು ಅಂದರೆ ಯಾರೋ ಕೆಡವಿದ್ದು, ಹಾಳು ಹಂಪೆಯ ಹಾಗೆ. ಪಾಳು ಅಂದರೆ ಜನ ಬಿಟ್ಟುಹೋಗಿ ತಾನಾಗಿ ಕೆಟ್ಟಿದ್ದು. ಪಾಳುಬಾವಿ, ಪಾಳುಮನೆ. ನಾಯ್‌ರಾಟೆನ್ನಿಗೆ ಎರಡೂ ಆಗಿದೆ. 1484ರಲ್ಲಿ ಸ್ಯಾಕ್ಸನಿಯವರು ಅದನ್ನು ಗೆದ್ದರು, ಆಮೇಲೆ ಅಲ್ಲಿ ಯಾರೂ ಮತ್ತೆ ಕಟ್ಟಲಿಲ್ಲ. ಆದರೆ ಅಲ್ಲಿ ಬಿದ್ದ ಗೋಡೆಗಳ ರಾಶಿ ಹುಡುಕಿದರೆ ಸಿಗುವುದಿಲ್ಲ. ಬಹುಪಾಲು ಮರದ ಕಟ್ಟಡವಾಗಿದ್ದರಿಂದ ಎಲ್ಲ ಹೋಗಿದೆ. ಉಳಿದಿರುವುದು ಬಂಡೆಯಲ್ಲಿ ಕಡಿದ ಗುರುತುಗಳು. ತೊಲೆ ಕೂರಿಸಲು ಕಡಿದ ಚೌಕದ ಕುಳಿಗಳು, ಹಲಗೆ ಗೋಡೆ ನಿಲ್ಲಿಸಲು ಉದ್ದಕ್ಕೆ ಕೊರೆದ ಗೀರು, ಸವೆದ ಮೆಟ್ಟಿಲು, ಕೋಣೆಯ ಒಂದು ಮಗ್ಗುಲು. ಈಗ ಕಬ್ಬಿಣದ ಕಾಲುಸೇತುವೆಗಳನ್ನು ಹಾಕಿದ್ದಾರೆ. ಅದರ ಮೇಲೆ ನಿಂತು ಎದುರಿನ ಬಂಡೆ ನೋಡಿದರೆ ಒಂದೇ ಮಟ್ಟದಲ್ಲಿ ಸಾಲಾಗಿ ಕುಳಿಗಳು ಕಾಣುತ್ತವೆ. ಇಲ್ಲಿ ನೆಲ ಇತ್ತು, ಇಲ್ಲಿ ಮಾಡು ಇತ್ತು ಅಂತ ಅದರಿಂದಲೇ ಲೆಕ್ಕ ಹಾಕಬೇಕು. ಇದನ್ನು ಹಾಳು ಅನ್ನಲು ಮನಸ್ಸು ಒಪ್ಪುತ್ತಿಲ್ಲ. ‘ಅವಶೇಷ’ ಪತ್ರಿಕೆಯ ಪದ. ‘ಕೋಟೆ ಇದ್ದ ಜಾಗ’ ಅಂತ ನೇರವಾಗಿ ಹೇಳಿದರೆ ಸಾಕೇ?

ಅಲ್ಲೇ ಮಳೆನೀರು ಹಿಡಿಯುವ ತೊಟ್ಟಿಯೊಂದಿದೆ. ಬಂಡೆಯ ಮೇಲೆ ತಾನಾಗಿ ಆದದ್ದಾದರೆ ದೊಣೆ ಅನ್ನಬಹುದಿತ್ತು. ಇದು ಮನುಷ್ಯರು ಮಾಡಿದ್ದು, ಹಾಗಾಗಿ ಹೊಂಡ ಅಥವಾ ತೊಟ್ಟಿ. ಚಿತ್ರದುರ್ಗದ ಅಕ್ಕ-ತಂಗಿ ಹೊಂಡ ನೆನೆದು ‘ಹೊಂಡ’ ಅಂತ ಹಾಕಿದ್ದೇನೆ. ಕಲ್ಲಿನ ಗುಂಡುಗಳನ್ನೂ ಇಟ್ಟಿದ್ದಾರೆ, ಮುತ್ತಿಗೆ ಹಾಕಿದವರು ಯಂತ್ರದಿಂದ ಎಸೆದಂಥವು. ಆ ಯಂತ್ರಕ್ಕೆ ಕನ್ನಡದಲ್ಲಿ ಒಂದು ಚೆಂದದ ಪದ ಇದೆ: ಡೆಂಕಣಿ. ಹಳೆಯ ಕಾವ್ಯಗಳ ಕೋಟೆ ಕಾಳಗದಲ್ಲಿ ಬರುತ್ತದೆ. ನಿಘಂಟಿನಲ್ಲಿ ಮಲಗಿರುವ ಪದವನ್ನು ಎಬ್ಬಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಿಕ್ಕಿಲ್ಲ. ‘ಕಲ್ಲು ಎಸೆಯುವ ಯಂತ್ರ, ಡೆಂಕಣಿ’ ಅಂತ ಜೊತೆಯಾಗಿ ಬರೆಯುತ್ತೇನೆ. ಯಾರೂ ಬೇಡ ಅನ್ನಬೇಡಿ.

ಮರಳುಗಲ್ಲಿನ ಬಗ್ಗೆ ಸ್ವಲ್ಪ. ಪಠ್ಯಪುಸ್ತಕದ ‘ಮರಳುಶಿಲೆ’ ನನಗೆ ಬೇಡ, ಮರಳುಗಲ್ಲು ಸಾಕು. ಆದರೆ ಬಾಗಲಕೋಟೆ ಕಡೆಯವರು ಮರಳಿಗೆ ಉಸುಕು ಅನ್ನುತ್ತಾರಲ್ಲ, ಅವರು ಈ ಕಲ್ಲಿಗೆ ಉಸುಕುಗಲ್ಲು ಅನ್ನುತ್ತಾರಾ, ಸುಮ್ನೆ ಕೆಂಪುಕಲ್ಲು ಅನ್ನುತ್ತಾರಾ? ಎಲ್ಬೆಯ ಕಲ್ಲು ಸುಮಾರು 9-10 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಮರಳು. ಬಾದಾಮಿಯದು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಗಟ್ಟಿ ಕೂಡ. ಇಲ್ಲಿಯದನ್ನು ಕೈಯಿಂದ ಉಜ್ಜಿದರೆ ಕಾಳುಕಾಳಾಗಿ ಮರಳು ಅಂಗೈಗೆ ಬರುತ್ತದೆ. ಮಳೆ ಬಂದು ನೆನೆದರೆ ಇನ್ನೂ ಮೆದು. ಅದಕ್ಕೇ ಒದ್ದೆ ಬಂಡೆ ಹತ್ತಬಾರದು ಅನ್ನೋದು ಇಲ್ಲಿನ ಹತ್ತುವವರ ನಿಯಮ. ಕಬ್ಬಿಣದ ಸಾಮಾನು ಸಂದಿಗೆ ತುರುಕುವ ಹಾಗಿಲ್ಲ, ಹಗ್ಗದ ಗಂಟನ್ನೇ ಸಿಕ್ಕಿಸಬೇಕು.

ಬಂಡೆಯ ಮೈಮೇಲೆ ಕೆಲವೆಡೆ ಸಣ್ಣ ಸಣ್ಣ ಗೂಡುಗಳು ಒತ್ತೊತ್ತಾಗಿ ಇವೆ, ನಡುವೆ ತೆಳ್ಳನೆಯ ಗೋಡೆ. ಕಲ್ಲಿನೊಳಗಿನ ನೀರು ಉಪ್ಪನ್ನು ಕರಗಿಸಿಕೊಂಡು ಹೊರಗೆ ಬರುತ್ತದೆ. ಮೇಲ್ಮೈಯಲ್ಲಿ ನೀರು ಆರಿದಾಗ ಉಪ್ಪು ಹರಳುಗಟ್ಟಿ ಮರಳಿನ ಕಾಳುಗಳನ್ನು ಕಿತ್ತು ಉದುರಿಸುತ್ತದೆ. ಜರ್ಮನ್ನರು ಇದಕ್ಕೆ ಜೇನಿನ ಹೆಸರೇ ಇಟ್ಟಿದ್ದಾರೆ. ನಾವು ಜೇನುಹುಟ್ಟು ಅನ್ನೋಣವೇ, ಮಲೆನಾಡಿನವರ ಹಾಗೆ ‘ಎರಿ’ ಅನ್ನೋಣವೇ? ನನ್ನ ಓಟು ಎರಿಗೆ. ಚಿಕ್ಕ ಪದ, ಗೂಡೊಳಗಿನ ಆ ಕಣ್ಣುಕಣ್ಣಿನ ತಟ್ಟೆಯನ್ನೇ ಹೇಳುತ್ತದೆ.

ಇನ್ನು ಚಿಲ್ಲರೆ ಪದಗಳು. ‘ಚಾರಣ’ ಈಗ ಎಲ್ಲರ ಬಾಯಲ್ಲೂ ಇದೆ, ಆದರೆ ರೇಲಿಂಗ್ ಹಿಡಿದು ಮೆಟ್ಟಿಲು ಹತ್ತುವುದಕ್ಕೆ ಅದು ಜಾಸ್ತಿ ಆಯಿತು. ಜೈನ ಕಾವ್ಯಗಳಲ್ಲಿ ಚಾರಣರು ಅಂದರೆ ಆಕಾಶದಲ್ಲಿ ಓಡಾಡುವ ಮುನಿಗಳು. ನಮ್ಮ ಅತ್ತೆ-ಮಾವಂದಿರು ಮಂಡಿ ನೋವಿಲ್ಲದೆ ಹತ್ತಿ ಇಳಿದರೆ ಅದೇ ದೊಡ್ಡದು. ‘ನಡಿಗೆ’ ಅಂತಲೇ ಬಿಟ್ಟಿದ್ದೇನೆ. ಇಳಿಯುವ ದಾರಿಯಲ್ಲಿ ಎರಡು ಬಂಡೆಗೋಡೆಗಳ ನಡುವೆ ಒಬ್ಬರೇ ಹೋಗುವಷ್ಟು ಇಕ್ಕಟ್ಟಾದ ಸಂದಿ ಬರುತ್ತದೆ. 30 ವರ್ಷಗಳ ಯುದ್ಧದಲ್ಲಿ, 1639ರಲ್ಲಿ, ಸ್ವೀಡನ್ನಿನ ದಂಡು ಬಂದಾಗ ಹಳ್ಳಿಯವರು ಅಡಗಿದ್ದ ಜಾಗವಂತೆ. ಇದಕ್ಕೆ ‘ಕಿಂಡಿ’ ಸಾಲದು, ತುಂಬಾ ಉದ್ದ ಇದೆ. ‘ಕಮರಿ’ ಅಂದರೆ ಭಯವಾಗುತ್ತದೆ. ‘ಕಲ್ಲೋಣಿ’ ಹೇಗೆ? ನದಿ ದಾಟಿಸುವ ದೋಣಿಗೆ ಎಂಜಿನ್ನೇ ಇಲ್ಲ. ನೀರು ಹರಿದುಬರುವ ಕಡೆ, ನದಿಯಲ್ಲಿ ದೂರದಲ್ಲಿ ಬಿಗಿದ ಹಗ್ಗಕ್ಕೆ ಕಟ್ಟಿಕೊಂಡು ಓರೆಯಾಗಿ ನಿಲ್ಲುತ್ತದೆ, ಹರಿವ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಕರಾವಳಿಯ ‘ಕಡವಿನ ದೋಣಿ’ ಅಂತ ಬರೆದರೆ ಮೈಸೂರು ಕಡೆಯವರಿಗೆ ತಿಳಿಯುತ್ತದೆಯೇ? ಕ್ಯೋನಿಗ್‌ಷ್ಟೈನ್‌ನಂಥ ಚಪ್ಪಟೆ ತಲೆಯ ಬೆಟ್ಟಕ್ಕೆ ‘ಮಡ್ಡಿ’ ಅಂತ ಸೂಚನೆ ಬಂತು. ಮಡ್ಡಿ ಅಂದರೆ ಬೆಳೆ ಬಾರದ ಗಟ್ಟಿ ನೆಲ, ಅಷ್ಟು ಎತ್ತರ ಅದರಲ್ಲಿ ಇಲ್ಲ ಅಂತ ನನ್ನ ಅನಿಸಿಕೆ.

ಎಲ್ಲಕ್ಕಿಂತ ತುರ್ತಾಗಿ ಬೇಕಿರುವುದು ಆ ತೊಲೆ ಕೂರಿಸುವ ಕುಳಿಯ ಹೆಸರು. ಗೈಡ್ ಹೆಚ್ಚು ಹೊತ್ತು ಮಾತಾಡುವುದೇ ಅದರ ಬಗ್ಗೆ. ‘ಕಚ್ಚು’ ಅಂದರೆ ಮೇಲುಮೇಲಿನ ಗಾಯದಂತೆ ಕೇಳುತ್ತದೆ. ‘ಕುಳಿ’ ನೆಲದಲ್ಲೂ ಇರುತ್ತದೆ, ಕೆನ್ನೆಯಲ್ಲೂ ಇರುತ್ತದೆ. ಮರಗೆಲಸದವರಿಗೆ, ಕಲ್ಲುಕುಟಿಗರಿಗೆ ಇದಕ್ಕೆ ಅವರದೇ ಪದ ಇದ್ದೇ ಇರಬೇಕು. ಅಂಥ ಮನೆತನದವರು ಇಲ್ಲಿ ಯಾರಾದರೂ ಇದ್ದರೆ, ನಿಘಂಟು ನೋಡದೆ, ಮನೆಯಲ್ಲಿ ಹಿರಿಯರನ್ನು ಕೇಳಿ ಬರೆಯಿರಿ. ಯಾವ ಊರಿನ ಕಡೆಯ ಮಾತು ಅನ್ನುವುದನ್ನೂ ಜೊತೆಗೆ ತಿಳಿಸಿ.